ಟರ್ಬೋ ಪೆಟ್ರೋಲ್ ನೋಟ್ಸ್: ಆ ಮೈನಸ್ ಹತ್ತು ಎಲ್ಲಿಂದ ಬಂತು?

ಹೋದ ತಿಂಗಳು ಸೆಕೆಂಡ್ ಹ್ಯಾಂಡಲ್ಲಿ ಒಂದು 1.0 ಲೀಟರ್ ಟರ್ಬೋ ಪೆಟ್ರೋಲ್ ಕಾರ್ ತಗೊಂಡೆ, ಮ್ಯಾನುಯಲ್ ಗೇರ್. ಮುಂಚೆ ಇದ್ದಿದ್ದು ಟರ್ಬೋ ಇಲ್ಲದ ಮಾಮೂಲಿ 1.2. ಹತ್ತು ವರ್ಷ ಅದನ್ನೇ ತುಳಿದು ಅಭ್ಯಾಸ ಆಗಿದ್ದ ಕಾಲಿಗೆ ಹೊಸ ಕಾರು ಒಂದು ವಾರ ಒಗ್ಗಲೇ ಇಲ್ಲ. ಸಿಗ್ನಲ್ಲಲ್ಲಿ ಬಿಟ್ಟಾಗ ಏನೂ ಇಲ್ಲ ಏನೂ ಇಲ್ಲ ಅಂತ ಇದ್ದು ಆಮೇಲೆ ಇದ್ದಕ್ಕಿದ್ದಂಗೆ ಮುಂದಿನ ಆಟೋ ಹಿಂಬದಿಗೆ ನುಗ್ಗೋ ಥರ ಎಳೀತಿತ್ತು. ಸರಿ ಓದೇಬಿಡೋಣ ಅಂತ ಕೂತೆ. ತಲೇಲಿ ಇನ್ನೂ ಬಿಸಿಬಿಸಿ ಇರುವಾಗ್ಲೇ ಬರೆದಿಟ್ಟಿದೀನಿ, ನನ್ ಥರ ಕಲೀತಿರೋರಿಗೆ ಉಪಯೋಗ ಆಗ್ಬಹುದು.

ಬೇಸಿಕ್ಸ್, ಬೇಗ ಬೇಗ

ಟರ್ಬೋ ಅಂದ್ರೆ ಇಷ್ಟೇ: ಇಂಜಿನ್ನಿಂದ ಹೊರಗೆ ಹೋಗೋ ಬಿಸಿ ಹೊಗೆ ಒಂದು ಪುಟ್ಟ ಚಕ್ರ ತಿರುಗಿಸುತ್ತೆ, ಅದೇ ಶಾಫ್ಟಿನ ಇನ್ನೊಂದು ತುದೀಲಿರೋ ಚಕ್ರ ಹೊರಗಿನ ಗಾಳೀನ ಒತ್ತಿ ಇಂಜಿನ್ ಒಳಗೆ ತುಂಬುತ್ತೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಇದಕ್ಕೆ ಪೇಟೆಂಟ್ ತಗೊಂಡಿದ್ದ. ಸಣ್ಣ ಕಾರುಗಳ ಟರ್ಬೋ 2 ಲಕ್ಷ ಆರ್‌ಪಿಎಂ ದಾಟಿ ತಿರುಗುತ್ತೆ, ಇದನ್ನ ಓದಿದಾಗ ಸೊನ್ನೆ ಜಾಸ್ತಿ ಹಾಕಿದಾರಾ ಅಂತ ಮತ್ತೆ ನೋಡಿದೆ. ಗಾಳಿ ಒತ್ತಿದ್ರೆ ಬಿಸಿ ಆಗುತ್ತೆ, 30 ಡಿಗ್ರಿ ಗಾಳೀನ ಎರಡು ಪಟ್ಟು ಒತ್ತಡಕ್ಕೆ ಏರಿಸಿದ್ರೆ ಬರೀ ಲೆಕ್ಕದಲ್ಲೇ 95 ಡಿಗ್ರಿ ಮುಟ್ಟುತ್ತೆ, ಅದಕ್ಕೇ ಮಧ್ಯೆ ಅದನ್ನ ತಣ್ಣಗೆ ಮಾಡೋ ಇಂಟರ್‌ಕೂಲರ್.

ನಮ್ಮಲ್ಲಿ ಎಲ್ಲಾ ಕಂಪನಿಯವ್ರೂ 1.0, 1.2 ಅಂತ ಯಾಕೆ ಕೂತಿದಾರೆ ಅಂದ್ರೆ ಟ್ಯಾಕ್ಸ್. ಉದ್ದ 4 ಮೀಟರ್ ಒಳಗೆ, ಪೆಟ್ರೋಲ್ ಇಂಜಿನ್ 1200 ಸಿಸಿ ಒಳಗೆ ಇದ್ರೆ ಸಣ್ಣ ಕಾರು. 2025ರ ಸೆಪ್ಟೆಂಬರ್ 22ರಿಂದ ಅದಕ್ಕೆ ಜಿಎಸ್‌ಟಿ 18%, ದಾಟಿದ್ರೆ 40%. ಸಿಸಿ ಜಾಸ್ತಿ ಮಾಡೋ ಹಾಗಿಲ್ಲ, ಆದ್ರೆ ಗಾಳಿ ಎಷ್ಟು ಬೇಕಾದ್ರೂ ತುಂಬಬಹುದು! 2013ರಲ್ಲಿ ಫೋರ್ಡ್ ಇಕೋಸ್ಪೋರ್ಟಲ್ಲಿ 999 ಸಿಸಿ ಇಂಜಿನ್ 125 ಪಿಎಸ್ ಕೊಟ್ಟಾಗ ಜನ ನಂಬಿರ್ಲಿಲ್ಲ. ಆಮೇಲೆ ನೆಕ್ಸಾನ್, ವೆನ್ಯೂ, ಮ್ಯಾಗ್ನೈಟ್, ಫ್ರಾಂಕ್ಸ್ ಅಂತ ಸಾಲು ಸಾಲು ಬಂತು.

ನಾನು ಮುಗ್ಗರಿಸಿದ್ದು ಇಲ್ಲಿ: ಒತ್ತಡ ಅಂದ್ರೆ ಎಲ್ಲಿಂದ ಎಣಿಸಿದ್ದು?

ಇದೊಂದು ಅರ್ಥ ಆದ್ರೆ ಉಳಿದಿದ್ದೆಲ್ಲ ತಾನಾಗೇ ಬರುತ್ತೆ, ಅದಕ್ಕೇ ಉದ್ದ ಬರೀತೀನಿ, ಗೊತ್ತಿರೋರು ಹಾರಿಸಿ.

ಸ್ಟೇರಿಂಗ್ ಕೆಳಗೆ ಚುಚ್ಚೋ ಓಬಿಡಿ ಡಾಂಗಲ್ (ಕಾರಿನ ಸೆನ್ಸರ್ ನಂಬರ್‌ಗಳನ್ನ ಮೊಬೈಲಿಗೆ ಕಳ್ಸೋದು) ತಗೊಂಡು ಆಪಲ್ಲಿ ಬೂಸ್ಟ್ ಮೀಟರ್, ಅಂದ್ರೆ ಟರ್ಬೋ ಎಷ್ಟು ಒತ್ತಡ ಸೇರಿಸ್ತಿದೆ ಅಂತ ತೋರಿಸೋದು, ಹಾಕ್ಕೊಂಡೆ. ಬೆಂಗಳೂರಲ್ಲಿ, ಮನೆ ಮುಂದೆ, ಇಂಜಿನ್ ಸ್ಟಾರ್ಟೇ ಮಾಡಿಲ್ಲ, ಬರೀ ಇಗ್ನಿಷನ್ ಆನ್. ಬೂಸ್ಟ್ ಎಷ್ಟು ತೋರಿಸ್ಬೇಕು? ಸೊನ್ನೆ. ತೋರಿಸಿದ್ದು ಮೈನಸ್ 10 ಕಿಲೋಪ್ಯಾಸ್ಕಲ್. ಗಾಬರಿ ಆಗಿ ಒಂದು ಗ್ಯಾರೇಜಿಗೆ ಹೋದ್ರೆ ಆ ಹುಡುಗ ಸ್ಕ್ರೀನ್ ನೋಡಿ "ಮ್ಯಾಪ್ ಸೆನ್ಸರ್ ಹೋಗಿದೆ ಸಾರ್, ಚೇಂಜ್ ಮಾಡ್ಬೇಕು" ಅಂತ 4,800 ರೂಪಾಯಿ ಎಸ್ಟಿಮೇಟ್ ಕೊಟ್ಟ. ಪುಣ್ಯಕ್ಕೆ ಅವತ್ತು ಪಾರ್ಟ್ ಸ್ಟಾಕಲ್ಲಿರ್ಲಿಲ್ಲ.

ಸೆನ್ಸರ್ ಸರಿಯಾಗೇ ಇತ್ತು. ಮ್ಯಾಪ್ ಸೆನ್ಸರ್ ಅಂದ್ರೆ ಇಂಜಿನ್ ಒಳಗೆ ಹೋಗೋ ಗಾಳಿಯ ಒತ್ತಡ ಅಳೆಯೋದು, ಅದು ಅಳೆಯೋದು ಪೂರ್ಣ ಒತ್ತಡ, ಅಂದ್ರೆ ಗಾಳಿಯೇ ಇಲ್ಲದ ನಿರ್ವಾತದಿಂದ ಎಣಿಸಿದ್ದು. ಸಮುದ್ರ ಮಟ್ಟದಲ್ಲಿ ಸುಮ್ನೆ ನಿಂತ ಗಾಳೀದೇ 101 ಕಿಲೋಪ್ಯಾಸ್ಕಲ್ ಇರುತ್ತೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರ, ಇಲ್ಲಿ ಗಾಳಿ ತೆಳು, ಹೆಚ್ಚುಕಮ್ಮಿ 91. ಆಪ್ ಏನ್ ಮಾಡ್ತಿತ್ತು ಅಂದ್ರೆ ಸೆನ್ಸರ್ ಕೊಟ್ಟ 91ರಿಂದ ಕಣ್ಮುಚ್ಕೊಂಡು 101 ಕಳೀತಿತ್ತು. 91 − 101 = −10. ಅಷ್ಟೇ!! ಅದು ನಮ್ಮೂರಿನ ಎತ್ತರ ರೀ, ಸೆನ್ಸರ್ ರಿಪೇರಿ ಅಲ್ಲ.

ಇನ್ನೂ ಗೊಂದಲ ಇದ್ರೆ ಟೈರ್ ನೆನೆಸ್ಕೊಳ್ಳಿ. ಪಂಕ್ಚರ್ ಅಂಗಡೀಲಿ 33 ಅಂತ ಹಾಕಿಸ್ತೀವಲ್ಲ, ಅದು ಹೊರಗಿನ ಗಾಳಿಗಿಂತ 33 ಪಿಎಸ್‌ಐ ಜಾಸ್ತಿ ಅಂತ ಅರ್ಥ. ಪೂರ್ತಿ ಚಪ್ಪಟೆ ಆದ ಟೈರಿಗೆ ಗೇಜ್ ಇಟ್ರೆ ಸೊನ್ನೆ ತೋರಿಸುತ್ತೆ, ಹಾಗಂತ ಒಳಗೆ ನಿರ್ವಾತ ಇದೆಯಾ? ಇಲ್ಲ, ಹೊರಗಿರೋ ಗಾಳಿಯೇ ಒಳಗೂ ಇದೆ. ಬೂಸ್ಟ್ ಮೀಟರ್ ಟೈರ್ ಗೇಜ್ ಥರ, "ಹೊರಗಿಂತ ಎಷ್ಟು ಜಾಸ್ತಿ". ಮ್ಯಾಪ್ ರೀಡಿಂಗ್ "ಒಟ್ಟು ಎಷ್ಟು". ಸಿಲಿಂಡರಿಗೆ ಬೇಕಾಗಿರೋದು ಎರಡನೇದು. ನಾನೀಗ ಬೂಸ್ಟ್ ಮೀಟರ್ ತೆಗೆದೇ ಹಾಕಿದೀನಿ, ಬರೀ ಮ್ಯಾಪ್.

ಈಗ ಮಜಾ ನೋಡಿ. ಇಂಜಿನ್ ಕಂಪ್ಯೂಟರ್ ಬೇಡೋದೂ ಒಟ್ಟು ಒತ್ತಡವನ್ನೇ, 200 ಬೇಕು ಅಂತ ಇಟ್ಕೊಳ್ಳಿ. ಮಂಗಳೂರಲ್ಲಿ ಟರ್ಬೋ 101ನ 200 ಮಾಡ್ಬೇಕು, ಸುಮಾರು 2 ಪಟ್ಟು. ಬೆಂಗಳೂರಲ್ಲಿ 91ರಿಂದ 200, 2.2 ಪಟ್ಟು. 1900 ಮೀಟರ್ ದಾಟಿರೋ ಮುಳ್ಳಯ್ಯನಗಿರೀಲಿ ಗಾಳಿ 80ರ ಆಸುಪಾಸು, ಅಲ್ಲಿ 2.5 ಪಟ್ಟು. ಹೊಗೆಯನ್ನ ಪಕ್ಕಕ್ಕೆ ಬಿಡೋ ವೇಸ್ಟ್‌ಗೇಟ್ ಬಾಗಿಲನ್ನ ಇನ್ನಷ್ಟು ಮುಚ್ಚಿ ಟರ್ಬೋನ ಜಾಸ್ತಿ ತಿರುಗಿಸಿದ್ರೆ ಆ ಕೊರತೆ ತುಂಬುತ್ತೆ. ಟರ್ಬೋ ಇಲ್ಲದ ನನ್ನ ಹಳೇ 1.2ಗೆ ಆ ದಾರಿ ಇಲ್ಲ, ಸಿಕ್ಕಿದ್ದೇ ಗಾಳಿ, ಬೆಂಗಳೂರಲ್ಲೇ ಹತ್ತರಲ್ಲಿ ಒಂದು ಪಾಲು ಶಕ್ತಿ ಹೋಯ್ತು, ಗಿರಿ ಮೇಲೆ ಐದರಲ್ಲಿ ಒಂದು. ಹತ್ತು ವರ್ಷ ಘಾಟಿ ಹತ್ತುವಾಗ ಎಸಿ ಆಫ್ ಮಾಡ್ತಿದ್ದು ಯಾಕೆ ಅಂತ ಈಗ ಗೊತ್ತಾಯ್ತು. ಆದ್ರೆ ಟರ್ಬೋಗೂ ಪುಕ್ಕಟೆ ಅಲ್ಲ, 2.5 ಪಟ್ಟು ಮುಟ್ಟೋಕೆ ಅರೆಗಳಿಗೆ ಜಾಸ್ತಿ ಹಿಡಿಯುತ್ತೆ, ಎತ್ತರದಲ್ಲಿ ಲ್ಯಾಗ್ (ಕಾಲು ಒತ್ತಿದ್ಮೇಲೆ ಟರ್ಬೋ ಎಳೆಯೋಕೆ ಆಗೋ ತಡ) ಸ್ವಲ್ಪ ಹೆಚ್ಚು ಅನ್ಸುತ್ತೆ.

ಚಾರ್ಮಾಡೀಲಿ ಪ್ರಾಕ್ಟಿಕಲ್

ಉಜಿರೆಯಿಂದ ಭಾವ ಜೊತೆಗಿದ್ರು. ಕಾರ್ ನೋಡಿದ ತಕ್ಷಣ "ಎಂತ ಮಾರಾಯ, ಒಂದು ಲೀಟರಿನ ಇಂಜಿನ್ನಾ, ಮಿಕ್ಸಿ ಮೋಟಾರಾ?" ಅಂದವ್ರು. ಅವ್ರ ಕೈಗೇ ಮೊಬೈಲ್ ಕೊಟ್ಟು ಮ್ಯಾಪ್ ನಂಬರ್ ಓದ್ತಾ ಹೋಗಿ ಅಂದೆ, ಓಡಿಸೋನು ಸ್ಕ್ರೀನ್ ನೋಡ್ಬಾರ್ದು ಪ್ಲೀಸ್.

ಒಂದು ತಿರುವಲ್ಲಿ ಮುಂದಿದ್ದ ಕೆಂಪು ಬಸ್ಸು ನಿಧಾನ ಆಗಿ ನಾನೂ ಮೂರನೇ ಗೇರಲ್ಲೇ 1300 ಆರ್‌ಪಿಎಂಗೆ ಇಳಿದೆ. ಬಸ್ಸು ಹೊರಟಿತು, ಗೇರ್ ಬದಲಾಯಿಸೋ ಸೋಮಾರಿತನಕ್ಕೆ ಹಾಗೇ ಪೂರ್ತಿ ಒತ್ತಿದೆ. ಭಾವ ಓದ್ತಿದಾರೆ, "ತೊಂಬತ್ತೈದು... ತೊಂಬತ್ತೆಂಟು... ನೂರ ನಾಲ್ಕು... ಇದು ಮಿಕ್ಸಿಯೇ ಮಾರಾಯ." ಕಾರು ಗುರ್ ಅಂತ ನಡುಗ್ತಿದೆ, ಎಳೀತಿಲ್ಲ. ಮುಂದಿನ ತಿರುವಲ್ಲಿ ತಿರುಗೋ ಮುಂಚೇನೇ ಎರಡನೇ ಗೇರ್, 2300 ಆರ್‌ಪಿಎಂ, ಕಾಲು ಅರ್ಧ ಮಾತ್ರ. "ನೂರ ಮೂವತ್ತು, ನೂರ ಎಂಬತ್ತು, ಓ ಓ ಓ ನಿಧಾನ ನಿಧಾನ!" ಒಂದೂವರೆ ಸೆಕೆಂಡೂ ಹಿಡೀಲಿಲ್ಲ.

ಕಾರಣ ಸಿಂಪಲ್. 1300ರಲ್ಲಿ ಹೊಗೆಯೇ ಕಮ್ಮಿ, ಹೊಗೆ ಕಮ್ಮಿ ಅಂದ್ರೆ ಟರ್ಬೋ ತಿರುಗಲ್ಲ, ಟರ್ಬೋ ತಿರುಗ್ದೆ ಗಾಳಿ ಇಲ್ಲ, ಗಾಳಿ ಇಲ್ದೆ ಹೊಗೆ ಹೆಚ್ಚಲ್ಲ. ಕೋಳಿ ಮೊದ್ಲಾ ಮೊಟ್ಟೆ ಮೊದ್ಲಾ ಕಥೆ. ಎಕ್ಸಿಲರೇಟರ್ ತುಳಿದು ಈ ಚಕ್ರ ಬಿಡಿಸೋಕೆ ಆಗಲ್ಲ, ಗೇರ್ ಇಳಿಸಿದ್ರೆ ಬಿಡುತ್ತೆ. "172 ನ್ಯೂಟನ್ ಮೀಟರ್ 1500ರಿಂದ್ಲೇ" ಅಂತ ಕಂಪನಿ ಹಾಕಿರುತ್ತಲ್ಲ, ಅದು ಟರ್ಬೋ ಆಗ್ಲೇ ಪೂರ್ತಿ ತುಂಬಿದಾಗಿನ ಮಾತು, ನೀವು ಒತ್ತಿದ ಕ್ಷಣದ್ದಲ್ಲ. ನನ್ನ ಶಾರ್ಟ್‌ಕಟ್: ಏರಲ್ಲಿ, ಓವರ್‌ಟೇಕಲ್ಲಿ ಮುಳ್ಳು 2000 ಕೆಳಗೆ ಇದ್ರೆ ಮೊದ್ಲು ಕೈ, ಆಮೇಲೆ ಕಾಲು.

ಕಮ್ಮಿ ಆರ್‌ಪಿಎಂಲಿ ಪೂರ್ತಿ ತುಳಿಯೋದಕ್ಕೆ ಇನ್ನೊಂದು ಅಪಾಯ ಇದೆ. ಸ್ಪಾರ್ಕ್ ಬರೋ ಮುಂಚೇನೇ ಪೆಟ್ರೋಲ್ ತಾನಾಗೇ ಹೊತ್ಕೊಳ್ಳೋದು, ಎಲ್‌ಎಸ್‌ಪಿಐ ಅಂತಾರೆ. ವಿಶೇಷವಾಗಿ ಡೈರೆಕ್ಟ್ ಇಂಜೆಕ್ಷನ್ ಟರ್ಬೋಗಳ ಕಾಯಿಲೆ, ಜೋರಾಗಿ ಆದ್ರೆ ಪಿಸ್ಟನ್ನೇ ಒಡೆಯುತ್ತೆ. ಆಯಿಲ್ ಡಬ್ಬಿ ಮೇಲೆ ಎಪಿಐ ಎಸ್‌ಪಿ ಅಂತ ಇರೋದು 2020ರಲ್ಲಿ ಬಂದ ಗ್ರೇಡ್, ಇದನ್ನ ತಡೆಯೋ ಟೆಸ್ಟೂ ಅದರಲ್ಲಿದೆ. ಮ್ಯಾನುಯಲಲ್ಲಿ ಬರೆದಿರೋ ತೆಳು ಆಯಿಲ್ ಬಿಟ್ಟು "ದಪ್ಪ ಹಾಕಿ ಸಾರ್ ಒಳ್ಳೇದು" ಅನ್ನೋರ ಮಾತು ಕೇಳ್ಬೇಡಿ.

ಮೈಲೇಜ್ ಎಲ್ಲಿ ಹೋಗುತ್ತೆ

ಫೋರ್ ಸ್ಟ್ರೋಕ್ ಅಂದ್ರೆ ಎರಡು ಸುತ್ತಿಗೆ ಒಂದು ಸಲ ಗಾಳಿ. 1.0 ಲೀಟರ್, 2000 ಆರ್‌ಪಿಎಂ, ನಿಮಿಷಕ್ಕೆ ಸಾವಿರ ಲೀಟರ್ ಗಾಳಿ, ಮಾಮೂಲಿ ಒತ್ತಡದಲ್ಲಿ ಸುಮಾರು 1.2 ಕೆಜಿ. 14.7 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್, ಸುಮಾರು 80 ಗ್ರಾಂ. ಮ್ಯಾಪ್ 200ಕ್ಕೆ ಹೋದ್ರೆ ಗಾಳಿ ಡಬಲ್, ಪೆಟ್ರೋಲೂ ಡಬಲ್, 160 ಗ್ರಾಂ, ಅಂದ್ರೆ ನಿಮಿಷಕ್ಕೆ ಒಂದು ದೊಡ್ಡ ಲೋಟ. ಇ20 ಪೆಟ್ರೋಲಿಗೆ (20% ಎಥನಾಲ್ ಬೆರೆಸಿದ್ದು) ಇನ್ನೂ ಸ್ವಲ್ಪ ಜಾಸ್ತಿ. ಅದಕ್ಕೇ ಒಂದೇ ಕಾರಲ್ಲಿ ಒಬ್ಬರಿಗೆ 18 ಬರುತ್ತೆ, ಒಬ್ಬರಿಗೆ 10. ಹೈವೇಲಿ ತೊಂಬತ್ತರಲ್ಲಿ ಸುಮ್ನೆ ಹೋಗುವಾಗ ಮ್ಯಾಪ್ ನೂರರ ಕೆಳಗೇ ಇರುತ್ತೆ, ಅವಾಗ ನಿಮ್ಮದು ಬರೀ ಒಂದು ಲೀಟರ್ ಇಂಜಿನ್. ಸಿಲ್ಕ್ ಬೋರ್ಡ್ ಟ್ರಾಫಿಕ್ ಜಾಮ್ ಬಗ್ಗೆ ನಾನೇನೂ ಬರೆಯಲ್ಲ, ಅಲ್ಲಿ ಯಾವ ಇಂಜಿನ್ನೂ ಒಂದೇ.

ಉಳಿದ ಚಿಲ್ಲರೆ

ಘಾಟಿ ಹತ್ತಿ ನಿಲ್ಲಿಸಿದ ಕೂಡ್ಲೇ ಕೀ ತಿರುಗಿಸ್ಬೇಡಿ, ಅರ್ಧ ನಿಮಿಷ ಒಂದು ನಿಮಿಷ ಐಡಲ್ ಬಿಡಿ. ಕಾದ ಟರ್ಬೋ ಬೇರಿಂಗಲ್ಲಿ ಆಯಿಲ್ ನಿಂತುಬಿಟ್ರೆ ಸುಟ್ಟು ಕಪ್ಪು ಗಟ್ಟಿ ಆಗುತ್ತೆ. ಊರೊಳಗೆ ನಿಧಾನಕ್ಕೆ ಬಂದು ಮನೆ ಮುಂದೆ ನಿಲ್ಲಿಸೋದಾದ್ರೆ ಬೇಕಿಲ್ಲ, ದಾರೀಲೇ ತಣ್ಣಗಾಗಿರುತ್ತೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ಐದು ನಿಮಿಷ ಮೆಲ್ಲಗೆ. ಆಯಿಲ್ ಎಷ್ಟಿದೆ ಅಂತ ಡಿಪ್‌ಸ್ಟಿಕ್ ತೆಗೆದು ತಿಂಗಳಿಗೊಮ್ಮೆ ನೋಡಿ.

ಕೊಟ್ಟಿಗೆಹಾರದಲ್ಲಿ ನೀರ್ ದೋಸೆಗೆ ನಿಲ್ಲಿಸಿದಾಗ ನಾನು ಆ ಒಂದು ನಿಮಿಷ ಕಾಯ್ತಾ ಕೂತಿದ್ದೆ, ಭಾವ ಆಗ್ಲೇ ಇಳಿದು ಹೋಟೆಲ್ ಬಾಗಿಲಿಗೆ ಹೋಗಿ ಅಲ್ಲಿಂದ್ಲೇ ಕೂಗಿದ್ರು, "ಬಾ ಮಾರಾಯ, ನಿನ್ನ ಮಿಕ್ಸಿ ತಣಿಯುವಷ್ಟರಲ್ಲಿ ದೋಸೆ ತಣೀತದೆ."