ಸಿಕ್ಕಿಂ 2019: ಇಪ್ಪತ್ನಾಲ್ಕು ವರ್ಷಗಳ ಆಡಳಿತ ಕೊನೆಗೊಂಡ ಬಗೆ

ಮತ ಎಣಿಕೆ ನಡೆದದ್ದು 2019ರ ಮೇ 23ರಂದು. 32 ಸ್ಥಾನಗಳ ಸಿಕ್ಕಿಂ ವಿಧಾನಸಭೆಯಲ್ಲಿ ಸಿಕ್ಕಿಂ ಕ್ರಾಂತಿಕಾರಿ ಮೋರ್ಚಾ (ಎಸ್‌ಕೆಎಂ) 17 ಸ್ಥಾನ ಗೆದ್ದಿತು, ಸಿಕ್ಕಿಂ ಡೆಮಾಕ್ರಟಿಕ್ ಫ್ರಂಟ್ (ಎಸ್‌ಡಿಎಫ್) 15ಕ್ಕೆ ನಿಂತಿತು. 1994ರ ಡಿಸೆಂಬರ್ 12ರಿಂದ ಸತತವಾಗಿ ಮುಖ್ಯಮಂತ್ರಿಯಾಗಿದ್ದ ಪವನ್ ಕುಮಾರ್ ಚಾಮ್ಲಿಂಗ್ ಅಧಿಕಾರ ಬಿಟ್ಟುಕೊಟ್ಟರು. ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದ ಜ್ಯೋತಿ ಬಸು ಅವರ 23 ವರ್ಷಗಳ ದಾಖಲೆಯನ್ನು ಅವರು ಹಿಂದಿನ ವರ್ಷವಷ್ಟೇ ದಾಟಿದ್ದರು.

ಈ ಫಲಿತಾಂಶಕ್ಕೆ 'ಆಡಳಿತ ವಿರೋಧಿ ಅಲೆ' ಎಂದು ಒಂದೇ ಸಾಲಿನ ಉತ್ತರ ಬರೆದು ಮುಗಿಸಬೇಡಿ. ಅಲೆ ಎದ್ದಿದ್ದರೆ ಮತಗಳಲ್ಲಿ ಕಾಣಬೇಕಿತ್ತು. ಎರಡೂ ಪಕ್ಷಗಳಿಗೆ ಬಂದದ್ದು ಶೇ 47ರ ಆಸುಪಾಸಿನ ಮತ, ಅದರಲ್ಲೂ ಸೋತ ಎಸ್‌ಡಿಎಫ್‌ಗೇ ಕೂದಲೆಳೆಯಷ್ಟು ಹೆಚ್ಚು. ಕ್ಷೇತ್ರದಲ್ಲಿ ಮುಂದಿದ್ದವರೇ ಗೆಲ್ಲುವ ನಮ್ಮ ಪದ್ಧತಿಯಲ್ಲಿ ರಾಜ್ಯದ ಒಟ್ಟು ಮತಕ್ಕೆ ಬೆಲೆಯಿಲ್ಲ. ಮತ ಎಲ್ಲಿ ಬಿತ್ತು ಎಂಬುದಕ್ಕೆ ಬೆಲೆ. ಸಿಕ್ಕಿಂನಲ್ಲಿ ಆಗ ಇದ್ದ ಮತದಾರರು ನಾಲ್ಕೂಕಾಲು ಲಕ್ಷದಷ್ಟು. ಭಾಗಿಸಿ ನೋಡಿ, ಕ್ಷೇತ್ರವೊಂದಕ್ಕೆ ಸರಾಸರಿ ಹದಿಮೂರು ಸಾವಿರದಷ್ಟು ಮಂದಿ. ಅಷ್ಟು ಚಿಕ್ಕ ಕ್ಷೇತ್ರದಲ್ಲಿ ಒಂದೆರಡು ಊರುಗಳ ಮನಸ್ಸು ತಿರುಗಿದರೆ ಸಾಕು, ಸ್ಥಾನ ಕೈ ಬದಲಾಗುತ್ತದೆ.

ಹಾಗಾಗಿ ಸ್ಥಾನಗಳ ಪಟ್ಟಿಯ ಪಕ್ಕದಲ್ಲೇ ಮತಪ್ರಮಾಣದ ಪಟ್ಟಿಯನ್ನೂ ಬರೆದಿಟ್ಟುಕೊಳ್ಳಿ. 2009ರಲ್ಲಿ ಎಸ್‌ಡಿಎಫ್‌ಗೆ ಸುಮಾರು ಶೇ 66 ಮತ, ಸ್ಥಾನ 32ಕ್ಕೆ 32. 2014ರಲ್ಲಿ ಶೇ 55, ಸ್ಥಾನ 22. 2019ರಲ್ಲಿ ಶೇ 47ಕ್ಕಿಂತ ತುಸು ಹೆಚ್ಚು, ಸ್ಥಾನ 15. ಕುಸಿತ 2019ರಲ್ಲಿ ದಿಢೀರನೆ ಬಂದದ್ದಲ್ಲ, ಹತ್ತು ವರ್ಷಗಳಿಂದ ನಡೆದಿತ್ತು. ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. 2009ರಲ್ಲಿ ಎದುರಾಳಿಗಳಿಗೆ ಬಿದ್ದದ್ದು ಮೂರನೇ ಒಂದು ಭಾಗದಷ್ಟು ಮತ, ಆದರೆ ಅವರ ಪರವಾಗಿ ಸದನದಲ್ಲಿ ಎದ್ದು ನಿಂತು ಮಾತನಾಡಲು ಒಬ್ಬರೂ ಇರಲಿಲ್ಲ. ಸದನದೊಳಗೆ ದಾರಿ ಸಿಗದ ಅಸಮಾಧಾನ ಹೊರಗೆ ಬೆಳೆಯಿತು.

ಸಿಕ್ಕಿಂನ ಹಿಂದಿನ ಮುಖ್ಯಮಂತ್ರಿಗಳ ಕಥೆಯೂ ಹೀಗೆಯೇ ಇದೆ. 1974ರ ಚುನಾವಣೆಯಲ್ಲಿ ಕಾಜಿ ಲೆಂಡುಪ್ ದೋರ್ಜಿ ಅವರ ಪಕ್ಷ 32ರಲ್ಲಿ 31 ಗೆದ್ದಿತ್ತು. ಮರು ವರ್ಷ ಸಿಕ್ಕಿಂ ಭಾರತದ 22ನೇ ರಾಜ್ಯವಾಯಿತು. 1979ರಲ್ಲಿ ಅವರ ಪಕ್ಷಕ್ಕೆ ಒಂದು ಸ್ಥಾನವೂ ದಕ್ಕಲಿಲ್ಲ. ಆಗ ಅಧಿಕಾರಕ್ಕೆ ಬಂದ ನರ್ ಬಹಾದ್ದೂರ್ ಭಂಡಾರಿ 1989ರಲ್ಲಿ ಎಲ್ಲ 32 ಸ್ಥಾನಗಳನ್ನೂ ಬಾಚಿಕೊಂಡರು. ಐದೇ ವರ್ಷದಲ್ಲಿ, 1994ರಲ್ಲಿ, ಅವರ ಪಕ್ಷ ಸೋತಿತು. ಸೋಲಿಸಿದ ಚಾಮ್ಲಿಂಗ್ ಯಾರು? ಭಂಡಾರಿ ಅವರ ಸಂಪುಟದಲ್ಲೇ ಸಚಿವರಾಗಿದ್ದು, 1993ರಲ್ಲಿ ಸ್ವಂತ ಪಕ್ಷ ಕಟ್ಟಿದವರು. ಚಾಮ್ಲಿಂಗ್ ಅವರನ್ನು ಸೋಲಿಸಿದ ಪ್ರೇಮ್ ಸಿಂಗ್ ತಮಾಂಗ್, ಅಂದರೆ ಪಿ.ಎಸ್. ಗೋಲೆ, ಯಾರು? ಚಾಮ್ಲಿಂಗ್ ಅವರ ಸಂಪುಟದಲ್ಲಿ ಸಚಿವರಾಗಿದ್ದು, 2009ರ ನಂತರ ಮುನಿಸಿಕೊಂಡು ದೂರ ಸರಿದು, 2013ರಲ್ಲಿ ಎಸ್‌ಕೆಎಂ ಕಟ್ಟಿದವರು. ನಾಯಕ ದೀರ್ಘಕಾಲ ಗದ್ದುಗೆಯಲ್ಲಿ ಕುಳಿತಾಗ ಅವನ ಕೆಳಗಿನವರಿಗೆ ಮೇಲೇರುವ ಮೆಟ್ಟಿಲೇ ಇರುವುದಿಲ್ಲ. ಎರಡು ಸಲವೂ ಎದುರಾಳಿ ಹುಟ್ಟಿದ್ದು ಆಳುವವರ ಮನೆಯೊಳಗೆ.

ಚಾಮ್ಲಿಂಗ್ ಕೆಲಸ ಮಾಡಲಿಲ್ಲ ಎಂದು ಬರೆದರೆ ತಪ್ಪಾಗುತ್ತದೆ. ಸಿಕ್ಕಿಂ ದೇಶದ ಮೊದಲ ಸಂಪೂರ್ಣ ಸಾವಯವ ಕೃಷಿ ರಾಜ್ಯವೆಂದು 2016ರಲ್ಲಿ ಘೋಷಣೆಯಾಯಿತು; 2018ರಲ್ಲಿ ಪಾಕ್ಯೋಂಗ್ ವಿಮಾನ ನಿಲ್ದಾಣ ಉದ್ಘಾಟನೆಗೊಂಡಿತು. ಚುನಾವಣೆಗೆ ಕೆಲವೇ ತಿಂಗಳ ಮುಂಚೆ ಕುಟುಂಬಕ್ಕೊಂದು ಸರ್ಕಾರಿ ಕೆಲಸ ಕೊಡುವ ಯೋಜನೆಯೂ ಬಂತು. ಇಷ್ಟಾದರೂ 'ಪರಿವರ್ತನ' ಎಂಬ ಎಸ್‌ಕೆಎಂ ಕೂಗಿಗೆ ಜನ ಕಿವಿಗೊಟ್ಟರು. ಲಿಂಬು ಮತ್ತು ತಮಾಂಗ್ ಸಮುದಾಯಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ, ಆದರೆ ವಿಧಾನಸಭೆಯಲ್ಲಿ ಅವರಿಗೆ ಮೀಸಲು ಸ್ಥಾನ ಸಿಕ್ಕಿರಲಿಲ್ಲ. ಈ ಬೇಡಿಕೆಯನ್ನು ಟಿಪ್ಪಣಿಯಲ್ಲಿ ಸೇರಿಸಲು ಮರೆಯಬೇಡಿ.

ಸಂಘ ಕ್ಷೇತ್ರ: ಸಿಕ್ಕಿಂಗೆ ಸಂವಿಧಾನದ 371 ಎಫ್ ವಿಧಿಯ ವಿಶೇಷ ರಕ್ಷಣೆ ಇದೆ. 32ರಲ್ಲಿ 12 ಸ್ಥಾನ ಭುಟಿಯಾ–ಲೆಪ್ಚಾ ಸಮುದಾಯಕ್ಕೆ, 2 ಪರಿಶಿಷ್ಟ ಜಾತಿಗೆ ಮೀಸಲು. ಒಂದು ಸ್ಥಾನ ಸಂಘಕ್ಕೆ, ಅಂದರೆ ಬೌದ್ಧ ಭಿಕ್ಷು ಸಮುದಾಯಕ್ಕೆ. ಇದಕ್ಕೆ ನಕ್ಷೆಯಲ್ಲಿ ಗಡಿಯೇ ಇಲ್ಲ. ರಾಜ್ಯದ ಮಾನ್ಯತೆ ಪಡೆದ ಬೌದ್ಧ ಮಠಗಳ ಭಿಕ್ಷುಗಳೂ ಭಿಕ್ಷುಣಿಯರೂ ಸೇರಿ ಮೂರು ಸಾವಿರದಷ್ಟು ಮತದಾರರು. ಅಭ್ಯರ್ಥಿಯೂ ಅವರಲ್ಲೊಬ್ಬರೇ ಆಗಿರಬೇಕು. 2019ರ ಏಪ್ರಿಲ್ 11ರಂದು ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೆ ಮತದಾನ ನಡೆಯಿತು. ಕೆಂಗಾವಿ ತೊಟ್ಟು ಮತಗಟ್ಟೆಗೆ ಬಂದ ಭಿಕ್ಷು ಲೋಕಸಭೆಗೆ ಎಲ್ಲರಂತೆಯೇ ಮತ ಹಾಕುತ್ತಾರೆ. ವಿಧಾನಸಭೆಗೆ ಮಾತ್ರ, ಪಕ್ಕದಲ್ಲಿ ನಿಂತ ತಮ್ಮ ಅಣ್ಣನ ಕ್ಷೇತ್ರಕ್ಕಲ್ಲ, ಸಂಘಕ್ಕೆ. ಈ ವ್ಯವಸ್ಥೆಯನ್ನು ಸುಪ್ರೀಂ ಕೋರ್ಟ್ 1993ರಲ್ಲಿ, ಆರ್.ಸಿ. ಪೌಡ್ಯಾಲ್ ಪ್ರಕರಣದಲ್ಲಿ, ಬಹುಮತದ ತೀರ್ಪಿನಿಂದ ಎತ್ತಿಹಿಡಿದಿದೆ.

ಗೆದ್ದ ಪಕ್ಷದ ನಾಯಕ ಶಾಸಕರೇ ಆಗಿರಲಿಲ್ಲ: ಸರ್ಕಾರಿ ಹಣ ದುರ್ಬಳಕೆಯ ಹಳೆಯ ಪ್ರಕರಣವೊಂದರಲ್ಲಿ ಗೋಲೆ ಅವರಿಗೆ 2016ರಲ್ಲಿ ಒಂದು ವರ್ಷದ ಶಿಕ್ಷೆಯಾಗಿತ್ತು, 2018ರ ಆಗಸ್ಟ್‌ನಲ್ಲಿ ಬಿಡುಗಡೆಯಾದರು. ಇಂಥ ಶಿಕ್ಷೆಯಾದವರು ಬಿಡುಗಡೆಯ ನಂತರ ಆರು ವರ್ಷ ಚುನಾವಣೆಗೆ ಅನರ್ಹರು, ಹೀಗಾಗಿ 2019ರಲ್ಲಿ ಸ್ಪರ್ಧಿಸಲಿಲ್ಲ. 164(4)ನೇ ವಿಧಿಯಂತೆ ಶಾಸಕರಲ್ಲದವರೂ ಆರು ತಿಂಗಳು ಸಚಿವರಾಗಿರಬಹುದು; ಆದರೆ ಅನರ್ಹರಾದವರಿಗೆ ಆ ಅವಕಾಶವಿಲ್ಲವೆಂದು ಜಯಲಲಿತಾ ಪ್ರಕರಣದಲ್ಲಿ 2001ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ಗೋಲೆ ಮೇ 27ರಂದು ಪ್ರಮಾಣವಚನ ಸ್ವೀಕರಿಸಿದರು. ಸೆಪ್ಟೆಂಬರ್‌ನಲ್ಲಿ ಚುನಾವಣಾ ಆಯೋಗ, 1951ರ ಪ್ರಜಾಪ್ರತಿನಿಧಿ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ಆರು ವರ್ಷದ ಅನರ್ಹತೆಯನ್ನು ಒಂದು ವರ್ಷ ಒಂದು ತಿಂಗಳಿಗೆ ಇಳಿಸಿತು. ಅಕ್ಟೋಬರ್‌ನ ಉಪಚುನಾವಣೆಯಲ್ಲಿ ಗೋಲೆ ಪೋಕ್ಲೋಕ್–ಕಾಮ್ರಾಂಗ್‌ನಿಂದ ಗೆದ್ದರು. ಎರಡು ಕಡೆ ಗೆದ್ದಿದ್ದ ಚಾಮ್ಲಿಂಗ್ ತೆರವು ಮಾಡಿದ ಕ್ಷೇತ್ರವದು. ಆಯೋಗದ ಈ ನಿರ್ಧಾರ ನನಗೆ ಒಪ್ಪಿಗೆಯಾಗುವುದಿಲ್ಲ. ಭ್ರಷ್ಟಾಚಾರದ ಶಿಕ್ಷೆಗೆ ಹೀಗೆ ರಿಯಾಯಿತಿ ಸಿಗುವುದಾದರೆ ಅನರ್ಹತೆಯ ನಿಯಮವೇ ಸಡಿಲಗೊಳ್ಳುತ್ತದೆ.

ಪಕ್ಷಾಂತರದ ಲೆಕ್ಕ: ಇಬ್ಬರು ಎರಡೆರಡು ಕಡೆ ಗೆದ್ದಿದ್ದರಿಂದ ಎಸ್‌ಡಿಎಫ್‌ನ 15 ಸ್ಥಾನಕ್ಕೆ ಶಾಸಕರಿದ್ದದ್ದು 13. ಪಕ್ಷಾಂತರ ತಡೆಯುವ, ಸಂವಿಧಾನದ ಹತ್ತನೇ ಅನುಸೂಚಿಯ ಪ್ರಕಾರ ವಿಲೀನಕ್ಕೆ ಮೂರನೇ ಎರಡರಷ್ಟು ಬಲ ಬೇಕು, ಅಂದರೆ 9. ಆಗಸ್ಟ್‌ನಲ್ಲಿ 10 ಮಂದಿ ಬಿಜೆಪಿ ಸೇರಿದರು, ಅನರ್ಹತೆಯಿಂದ ಪಾರಾದರು. ಇನ್ನಿಬ್ಬರು ಎಸ್‌ಕೆಎಂಗೆ ಹೋದರು. ಉಳಿದವರು ಚಾಮ್ಲಿಂಗ್ ಒಬ್ಬರೇ. ಶೇ 2ರಷ್ಟೂ ಮತ ಪಡೆಯದೆ, ಒಂದೂ ಸ್ಥಾನ ಗೆಲ್ಲದ ಬಿಜೆಪಿ ಹೀಗೆ ಮುಖ್ಯ ವಿರೋಧ ಪಕ್ಷವಾಯಿತು.

2024ರಲ್ಲಿ ಎಸ್‌ಕೆಎಂ 31 ಗೆದ್ದಿತು. ಚಾಮ್ಲಿಂಗ್ ನಿಂತ ಎರಡೂ ಕಡೆ ಸೋತರು. ಎಸ್‌ಡಿಎಫ್‌ನಿಂದ ಗೆದ್ದ ಏಕೈಕ ಶಾಸಕರೂ ಜುಲೈನಲ್ಲಿ ಆಳುವ ಪಕ್ಷ ಸೇರಿದರು. ಅದೇ ಚುನಾವಣೆಯಲ್ಲಿ ಎಸ್‌ಡಿಎಫ್‌ಗೆ ಬಿದ್ದ ಮತ ಶೇ 27. 1989ರ, 2009ರ ಸಾಲುಗಳ ಕೆಳಗೆ ಈ ಸಾಲನ್ನೂ ಬರೆದುಕೊಳ್ಳಿ.