ಹದಿನಾರರ ಮಗಳನ್ನು ಐದಕ್ಕೆ ಎಬ್ಬಿಸುವ ಮುಂಚೆ

ಪಿಯುಸಿ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ಬೆಳಗಿನ ಐದಕ್ಕೇ ಜಗಳ ಶುರು. ಲೈಟ್ ಹಾಕಿ, ಫ್ಯಾನ್ ಆರಿಸಿ, ಹೊದಿಕೆ ಎಳೆಯುತ್ತಾರೆ. ಆರರ ಟ್ಯೂಷನ್ನಿಗೆ ಹೊರಡಬೇಕಾದ ಹುಡುಗಿ ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡು, ಮಂಚದ ತುದಿಯಲ್ಲಿ ಕೂತಲ್ಲೇ ತೂಕಡಿಸುತ್ತಿರುತ್ತಾಳೆ. ಸೋಮಾರಿ ಅಂತ ಬೈಗುಳ. ಜೊತೆಗೆ, ಬ್ರಾಹ್ಮೀ ಮುಹೂರ್ತದಲ್ಲಿ ಓದಿದ್ದೇ ತಲೆಗೆ ಹತ್ತೋದು ಅಂತ ಉಪದೇಶ.

ಇದು ಸೋಮಾರಿತನ ಅಲ್ಲವೇ ಅಲ್ಲ. 1729ರಲ್ಲಿ ಫ್ರಾನ್ಸಿನ ಖಗೋಳ ವಿಜ್ಞಾನಿ ದ ಮೆರಾನ್ ಮುಟ್ಟಿದರೆ ಮುನಿಯಂಥ ಗಿಡವೊಂದನ್ನು ಕತ್ತಲಲ್ಲಿಟ್ಟ. ಬಿಸಿಲು ಕಾಣದಿದ್ದರೂ ಅದು ಹಗಲಲ್ಲಿ ಎಲೆ ಬಿಚ್ಚುತ್ತಿತ್ತು, ರಾತ್ರಿ ಮಡಚುತ್ತಿತ್ತು. ಗಡಿಯಾರ ಜೀವದ ಒಳಗೇ ಇದೆ! ಅದು ನಡೆಯುವ ಬಗೆಯನ್ನು ಹಣ್ಣುನೊಣದಲ್ಲಿ ಬಿಡಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು.

ನಮ್ಮ ಗಡಿಯಾರ ಎರಡು ಕಣ್ಣಿನ ನರಗಳು ಸಂಧಿಸುವ ಜಾಗದ ಮೇಲಿರುವ ಸುಮಾರು 20,000 ನರಕೋಶಗಳ ಗುಂಪು. ಕತ್ತಲಾದ ಮೇಲೆ, ಮಲಗುವ ಹೊತ್ತಾಯಿತೆಂದು ಮೈಗೆ ಸಾರುವ ಮೆಲಟೋನಿನ್ ಎಂಬ ಹಾರ್ಮೋನು ಹೊರಬೀಳುವುದು ಅದರ ಅಣತಿಯಂತೆ. ಹರೆಯ ಬಂದಾಗ ಈ ಹೊತ್ತು ಒಂದೆರಡು ಗಂಟೆ ತಡವಾಗುತ್ತದೆ. ಎಚ್ಚರವಿದ್ದಷ್ಟೂ ಏರುವ ನಿದ್ದೆಯ ಒತ್ತಡವೂ ಚಳಿಗಾಲದ ದೋಸೆ ಹಿಟ್ಟಿನಂತೆ ನಿಧಾನವಾಗಿ ಉಬ್ಬುತ್ತದೆ. ಹತ್ತಕ್ಕೆ ಮಲಗು ಅಂದರೆ ನಿದ್ದೆ ಎಲ್ಲಿಂದ ಬರಬೇಕು? ಎಲ್ಲ ಮೊಬೈಲಿಂದ ಅನ್ನುತ್ತೀರಾ? ಮೊಬೈಲ್ ಇದನ್ನು ಇನ್ನೂ ಕೆಡಿಸುತ್ತದೆ, ನಿಜ. ಆದರೆ ಅಮೆರಿಕದ ನಿದ್ರಾ ವಿಜ್ಞಾನಿ ಮೇರಿ ಕಾರ್ಸ್ಕಡಾನ್ ಹರೆಯದ ಈ ತಡದ ಬಗ್ಗೆ ಬರೆದದ್ದು 1993ರಲ್ಲಿ. ಆಗ ಯಾವ ಮಗುವಿನ ಕೈಯಲ್ಲೂ ಸ್ಮಾರ್ಟ್‌ಫೋನ್ ಇರಲಿಲ್ಲ.

ಹದಿಹರೆಯಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಹನ್ನೊಂದಕ್ಕೆ ಮಲಗಿ ಐದಕ್ಕೆ ಎದ್ದರೆ ಸಿಗುವುದು ಆರೇ. ಅದರಲ್ಲೂ ಕತ್ತರಿ ಬೀಳುವುದು ಬೆಳಗಿನ ಜಾವ ಜಾಸ್ತಿ ಇರುವ ಕನಸಿನ ನಿದ್ದೆಗೆ. ದಿನದ ನೋವು, ಅವಮಾನಗಳ ಕಾವು ಇಳಿಸುವುದರಲ್ಲಿ ಈ ನಿದ್ದೆಗೂ ಪಾಲಿದೆ ಎನ್ನುತ್ತಾರೆ ನಿದ್ರಾ ತಜ್ಞರು. ನಿದ್ದೆಗೆಟ್ಟ ಮಗು ಸಣ್ಣದಕ್ಕೂ ಸಿಡುಕುತ್ತದೆ, ಸುಮ್ನೆ ಅಳುತ್ತದೆ. ನಾವು ಅದಕ್ಕೆ ಕೊಬ್ಬು ಅನ್ನುತ್ತೇವೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2022ರಿಂದ, ಹಳ್ಳಿಗಾಡಿನವನ್ನು ಬಿಟ್ಟರೆ, ಸರ್ಕಾರಿ ಹೈಸ್ಕೂಲು ಬೆಳಿಗ್ಗೆ 8:30ಕ್ಕಿಂತ ಮುಂಚೆ ಶುರುವಾಗುವಂತಿಲ್ಲ. ನಮ್ಮಲ್ಲಿ ಅಂಥ ಕಾನೂನಿಲ್ಲ, ಆದರೆ ಸಂಜೆಯ ಬ್ಯಾಚ್ ಕೇಳಬಹುದಲ್ವಾ? ರಾತ್ರಿ ದೀಪ ತಗ್ಗಿಸಿ, ಮೊಬೈಲು ಅಡುಗೆಮನೆಯಲ್ಲಿರಲಿ. ಎದ್ದ ಕೂಡಲೇ ಕಾಫಿ ಲೋಟ ಹಿಡಿದು ಬಿಸಿಲಿಗೆ ಬರಲಿ, ಬೆಳಗಿನ ಬೆಳಕು ತಡವಾದ ಗಡಿಯಾರವನ್ನು ಸರಿಪಡಿಸಿ, ರಾತ್ರಿ ನಿದ್ದೆ ಬೇಗ ಬರುವಂತೆ ಮಾಡುತ್ತದೆ.

ಮನಸ್ಸು ಕುಗ್ಗಿದರೂ ನಿದ್ದೆ ಕೆಡುತ್ತದೆ ಅನ್ನುವುದು ನೆನಪಿರಲಿ. ಎರಡು ವಾರ ಕಳೆದರೂ ಮಂಕು ಬಿಡದಿದ್ದರೆ, ಊಟ, ಗೆಳತಿಯರು ಯಾವುದೂ ಬೇಡವಾದರೆ ದೃಷ್ಟಿ ತೆಗೆದು ಕೂರಬೇಡಿ. ಸಾಯುವ ಮಾತು ಬಂದರಂತೂ ಒಂದು ದಿನವೂ ಕಾಯಬೇಡಿ. ವೈದ್ಯರಲ್ಲಿಗೆ ಹೋಗಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ರಾತ್ರಿ ಎರಡಕ್ಕೂ ಕನ್ನಡದಲ್ಲೇ ಮಾತಾಡಬಹುದು.