ಹಾಲ್‌ನಲ್ಲಿ ಕೂರಲು ಯಾಕೆ ಮನಸ್ಸಾಗುವುದಿಲ್ಲ?

ಹೊಸ ಫ್ಲ್ಯಾಟಿಗೆ ಲಕ್ಷಗಟ್ಟಲೆ ಸುರಿದು ಇಂಟೀರಿಯರ್ ಮಾಡಿಸಿದವರು ಆಮೇಲೆ ನಮ್ಮಂಥ ಡಿಸೈನರ್‌ಗಳ ಬಳಿ ಬಂದು ಒಂದೇ ದೂರು ಹೇಳುತ್ತಾರೆ. ಎಲ್ಲಾ ಚೆನ್ನಾಗಿದೆ, ಫೋಟೋದಲ್ಲೂ ಚೆನ್ನಾಗಿ ಬರುತ್ತದೆ, ಆದರೆ ಹಾಲ್‌ನಲ್ಲಿ ಯಾರೂ ಕೂರುವುದಿಲ್ಲ. ಊಟ ಆದ ಕೂಡಲೇ ಎಲ್ಲರೂ ತಮ್ಮ ತಮ್ಮ ರೂಮು ಸೇರಿಬಿಡುತ್ತಾರೆ. ವಾಲ್‌ಪೇಪರ್ ಹಾಕಿಸಿದರೆ ಸರಿಹೋಗಬಹುದಾ ಅಂತ ಕೇಳುತ್ತಾರೆ. ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಸಂಜೆ ಏಳರ ಮೇಲೆ ಯಾವ ದೀಪ ಹಾಕುತ್ತೀರಿ? ಸೋಫಾದ ಹಿಂದೆ ಏನಿದೆ?

ದೀಪದ ಮಾತು ಮೊದಲು, ಯಾಕೆಂದರೆ ಕಡಿಮೆ ದುಡ್ಡಿನಲ್ಲಿ ಜಾಸ್ತಿ ಬದಲಾವಣೆ ತರುವುದು ಅದೇ. ಬೆಳಕಿನ ಬಣ್ಣವನ್ನು ಕೆಲ್ವಿನ್ ಲೆಕ್ಕದಲ್ಲಿ ಅಳೆಯುತ್ತಾರೆ, ಬಲ್ಬಿನ ಡಬ್ಬಿಯ ಮೇಲೆ ಬರೆದಿರುತ್ತದೆ. ಅಂಕಿ ಕಡಿಮೆ ಇದ್ದಷ್ಟೂ ಬೆಳಕು ಹಳದಿ, ಜಾಸ್ತಿ ಆದಷ್ಟೂ ನೀಲಿ ಬೆರೆತ ಬಿಳಿ. ದೇವರ ಮುಂದಿನ ಎಣ್ಣೆ ದೀಪ ಸುಮಾರು 1900. ಹಳೆಯ ಗುಂಡು ಬಲ್ಬು ಸುಮಾರು 2700. ಅಂಗಡಿಯಲ್ಲಿ ಸುಮ್ನೆ ‘ಒಂದು ಎಲ್‌ಇಡಿ ಕೊಡಿ’ ಅಂದರೆ ಕೈಗೆ ಬರುವುದು ಸಾಮಾನ್ಯವಾಗಿ 6500ರ ಕೂಲ್ ಡೇಲೈಟ್. ಅದು ಮೋಡ ಕವಿದ ಮಧ್ಯಾಹ್ನದ ಬೆಳಕು. ಅಡುಗೆ ಕಟ್ಟೆಗೆ ಸರಿ. ರಾತ್ರಿ ಒಂಬತ್ತು ಗಂಟೆಗೆ ಹಾಲ್‌ನಲ್ಲಿ ಅದು ಉರಿಯುತ್ತಿದ್ದರೆ ಮನೆಗೆ ಬಂದ ಮೇಲೂ ಆಫೀಸಿನಲ್ಲೇ ಕೂತ ಹಾಗೆ. ನೀಲಿ ಅಂಶ ಜಾಸ್ತಿ ಇರುವ ಬೆಳಕು ನಿದ್ದೆಗೆ ಬೇಕಾದ ಮೆಲಟೋನಿನ್ ಹಾರ್ಮೋನನ್ನೂ ತಗ್ಗಿಸುತ್ತದೆ.

ಬಣ್ಣದಷ್ಟೇ ಮುಖ್ಯ, ಬೆಳಕು ಎಲ್ಲಿಂದ ಬೀಳುತ್ತದೆ ಅನ್ನುವುದು. ಫಾಲ್ಸ್ ಸೀಲಿಂಗ್ ತುಂಬ ಡೌನ್‌ಲೈಟ್ ಹಾಕಿಸಿದರೆ ಬೆಳಕು ನೆತ್ತಿಯ ಮೇಲಿಂದ ಬೀಳುತ್ತದೆ. ಕಣ್ಣಿನ ಕೆಳಗೆ, ಮೂಗಿನ ಕೆಳಗೆ ನೆರಳು. ಎದುರು ಕೂತವರ ಮುಖ ಸುಸ್ತಾದ ಹಾಗೆ ಕಾಣುತ್ತದೆ. ಅದೇ ದೀಪ ಕೂತವರ ಕಣ್ಣಿನ ಎತ್ತರದಲ್ಲಿ, ಪಕ್ಕದಲ್ಲಿ ಇದ್ದರೆ ಮುಖ ತುಂಬಿಕೊಂಡು ಕಾಣುತ್ತದೆ. ಬೆಳಕು ಇರುವ ಕಡೆ ಜನ ತಾವಾಗಿಯೇ ಸೇರುತ್ತಾರೆ. ಹಾಗಾಗಿ ಹಾಲ್‌ನ ಒಂದು ಮೂಲೆ ಮಬ್ಬಾಗಿಯೇ ಇರಲಿ, ಬಿಡಿ. ಎಲ್ಲಾ ಕಡೆ ಒಂದೇ ಸಮ ಬೆಳಕು ಬೇಕಾಗಿರುವುದು ಅಂಗಡಿಗೆ.

ಇನ್ನು ಬೆನ್ನಿನ ವಿಷಯ. ಮಲೆನಾಡಿನ ಹಳೇ ಮನೆಗಳ ಜಗಲಿ ನೆನಪು ಮಾಡಿಕೊಳ್ಳಿ. ತಲೆಯ ಮೇಲೆ ತಗ್ಗಿದ ಮಾಡು, ಬೆನ್ನಿಗೆ ಗೋಡೆ, ಎದುರಿಗೆ ಅಂಗಳ ಮತ್ತು ದಾರಿ. ಗಂಟೆಗಟ್ಟಲೆ ಕೂತರೂ ಬೇಜಾರಾಗುತ್ತಿರಲಿಲ್ಲ ಅಲ್ವಾ? ಬ್ರಿಟಿಷ್ ಭೂಗೋಳ ತಜ್ಞ ಜೇ ಆಪಲ್ಟನ್ 1975ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು: ತಾನು ಮರೆಯಲ್ಲಿದ್ದು ಎದುರಿನದನ್ನೆಲ್ಲ ನೋಡಲು ಸಿಗುವ ಜಾಗ ಮನುಷ್ಯನಿಗೆ ಹಿತ ಅನಿಸುತ್ತದೆ. ಅವರು ಹೇಳಿದ್ದು ಬಯಲು, ಕಾಡುಗಳ ಬಗ್ಗೆ. ಆದರೆ ಜಗಲಿಯಲ್ಲಿ ಕೂತವರಿಗೆ ಅದು ಕೂಡಲೇ ಅರ್ಥವಾಗುತ್ತದೆ.

ನಮ್ಮ ಫ್ಲ್ಯಾಟುಗಳಲ್ಲಿ ಸೋಫಾ ಎಲ್ಲಿರಬೇಕು ಅಂತ ತೀರ್ಮಾನಿಸುವುದು ಟಿವಿ. ಹಾಗಾಗಿ ಎಷ್ಟೋ ಮನೆಗಳಲ್ಲಿ ಸೋಫಾ ಮುಂಬಾಗಿಲಿಗೆ ಬೆನ್ನು ಹಾಕಿರುತ್ತದೆ. ಹಿಂದೆ ಯಾರೋ ಓಡಾಡುತ್ತಲೇ ಇರುತ್ತಾರೆ, ಕೂತವರಿಗೆ ನೆಮ್ಮದಿ ಇಲ್ಲ. ಟಿವಿ ಗೋಡೆಯನ್ನೇ ಬದಲಿಸಿ ಅನ್ನುತ್ತೇನೆ. ಆಗದಿದ್ದರೆ ಸೋಫಾದ ಹಿಂದೆ ಸೊಂಟದೆತ್ತರದ ಪುಸ್ತಕದ ಶೆಲ್ಫ್ ಇಡಿ, ಅಷ್ಟು ಆಸರೆ ಸಾಕು.

ತೊಟ್ಟಿ ಮನೆಯಿಂದ ಇನ್ನೊಂದು ಪಾಠ ಇದೆ. ತಗ್ಗಿನ ಬಾಗಿಲಲ್ಲಿ ತಲೆ ಬಗ್ಗಿಸಿ, ಅರೆಗತ್ತಲೆ ದಾಟಿ, ಆಮೇಲೆ ತೊಟ್ಟಿಯ ಬೆಳಕಿಗೆ ಬರುತ್ತೀರಿ. ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಕೂಡ ಹೀಗೆಯೇ ತಗ್ಗಿದ ಪ್ರವೇಶದಿಂದ ಎತ್ತರದ ಕೋಣೆಗೆ ಕರೆದೊಯ್ಯುತ್ತಿದ್ದರು. ಫ್ಲ್ಯಾಟಿನಲ್ಲೂ ಇದು ಸಾಧ್ಯ. ಫಾಲ್ಸ್ ಸೀಲಿಂಗ್ ಬೇಕೇ ಬೇಕು ಅನ್ನುವವರು ಬಾಗಿಲ ಬಳಿಯ ಪ್ಯಾಸೇಜಿಗೆ ಮಾತ್ರ ಹಾಕಿಸಿ. ಅಲ್ಲಿ ಗಾಢ ಬಣ್ಣ, ಮಂದ ದೀಪ. ಹಾಲ್‌ನ ಮೇಲ್ಭಾಗ ಮುಟ್ಟಬೇಡಿ. ವಾಸದ ಕೋಣೆ ಕನಿಷ್ಠ 2.75 ಮೀಟರ್ ಎತ್ತರ ಇರಬೇಕು ಅನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. ಬಿಲ್ಡರ್ ಕೊಟ್ಟ ಎತ್ತರವೇ ಅದಕ್ಕಿಂತ ಸ್ವಲ್ಪ ಜಾಸ್ತಿ ಇರುತ್ತದೆ ಅಷ್ಟೆ. ಅದರಲ್ಲಿ ಅರ್ಧ ಅಡಿ ಜಿಪ್ಸಮ್ ಬೋರ್ಡಿಗೆ ಕೊಟ್ಟರೆ ತಲೆಯ ಮೇಲೆ ಭಾರ ಹೊತ್ತ ಹಾಗಿರುತ್ತದೆ.

ಸದ್ದಿನ ಬಗ್ಗೆ ಯಾರೂ ಕೇಳುವುದೇ ಇಲ್ಲ. ವಿಟ್ರಿಫೈಡ್ ಟೈಲ್ಸ್, ಗಾಜು, ಖಾಲಿ ಗೋಡೆ, ಈ ಮೂರೂ ಸೇರಿದರೆ ಮಾತು ಗುಂಯ್‌ಗುಡುತ್ತದೆ. ಟಿವಿ ಜೋರು ಮಾಡುತ್ತಾರೆ, ಅದರ ಮೇಲೆ ಇವರು ಜೋರಾಗಿ ಮಾತಾಡುತ್ತಾರೆ. ನೆಲ ಮುಟ್ಟುವ ದಪ್ಪ ಪರದೆ ಹಾಕಿ, ಒಂದು ನವಲಗುಂದದ ಜಮಖಾನ ಹಾಸಿ. ವ್ಯತ್ಯಾಸ ಅದೇ ದಿನ ಗೊತ್ತಾಗುತ್ತದೆ.

ಗೋಡೆ ಬಣ್ಣಕ್ಕೆ ಜನ ತಲೆ ಕೆಡಿಸಿಕೊಳ್ಳುವಷ್ಟು ಅಗತ್ಯವಿಲ್ಲ. ಎರಡಡಿ ಚೌಕ ಬಳಿದು ಸಂಜೆ ನಿಮ್ಮ ದೀಪದಲ್ಲೇ ನೋಡಿ, ಸಾಕು. ಆದರೆ ಲ್ಯಾಮಿನೇಟಿಗೆ ಮ್ಯಾಚ್ ಆಗುವುದಿಲ್ಲ ಅಂತ ಅಜ್ಜಿಯ ತೇಗದ ಪೆಟ್ಟಿಗೆಯನ್ನು ಮಾತ್ರ ದಯವಿಟ್ಟು ಹೊರಗೆ ಹಾಕಬೇಡಿ. ಅದೇ ಟೀಪಾಯ್ ಆಗಲಿ. ಬಂದವರು ಅದರ ಕಥೆ ಕೇಳುತ್ತಾರೆ, ಮಾತು ಶುರುವಾಗುತ್ತದೆ.

ಮನೆ ಇನ್ನೂ ಕಟ್ಟುತ್ತಿದ್ದರೆ, ಗಾರೆ ಆಗುವ ಮೊದಲೇ ಎಲೆಕ್ಟ್ರಿಷಿಯನ್‌ಗೆ ಹೇಳಿ ಪಕ್ಕದ ದೀಪಕ್ಕಾಗಿ ಸೋಫಾದ ಎರಡೂ ಕಡೆ ಒಂದೊಂದು 5 ಆಂಪ್ ಪಾಯಿಂಟ್ ಕೊಡಿಸಿ, ಸ್ವಿಚ್ ಬಾಗಿಲ ಹತ್ತಿರ ಇರಲಿ. ಆಮೇಲೆ ಮಾಡಿಸಬೇಕು ಅಂದರೆ ಗೋಡೆ ಒಡೆಯಬೇಕಾಗುತ್ತದೆ.